ಕಡಲು ದಾಟದ ಆಟಗಳು

"ಒಳ್ಳೆಯ ಸರಕಾದರೆ ತಾನಾಗಿಯೇ ಕಡಲು ದಾಟಿ ಬರುತ್ತದೆ. ಬರಲಿಲ್ಲವೆಂದರೆ ಅದರಲ್ಲಿ ಹುರುಳಿರಲಿಲ್ಲವೆಂದೇ ತಿಳಿಯಬೇಕು." ವಾಣಿಜ್ಯಶಾಸ್ತ್ರವನ್ನು ಬೋಧಿಸುವ ನನ್ನ ಮಿತ್ರರೊಬ್ಬರು ಈಚೆಗೆ ಹೀಗೆಂದು ಅಪ್ಪಣೆ ಕೊಡಿಸಿದರು. ಮಾತು ಹೊರಟಿದ್ದುದು ಜಪಾನಿನ ವಿಡಿಯೋ ಗೇಮುಗಳ ವಿಷಯವಾಗಿ. ಜಪಾನಿನಲ್ಲಿ ಹುಟ್ಟಿ, ಜಪಾನಿನಲ್ಲೇ ಮಾರಾಟವಾಗಿ, ಹೊರನಾಡುಗಳಿಗೆ ಎಂದೂ ಬಾರದ, ಇಲ್ಲವೆ ಇಪ್ಪತ್ತು ಮೂವತ್ತು ವರ್ಷ ತಡವಾಗಿ ಬಂದ ಕೆಲವು ಆಟಗಳೇ ನನಗೆ ಹೆಚ್ಚು ಪ್ರಿಯವಾದವು ಎಂದು ನಾನು ಹೇಳಿದ್ದೇ ತಡ, ಈ ತೀರ್ಪು ಹೊರಬಿತ್ತು. ಮಿತ್ರರು ಸಜ್ಜನರು; ಅವರ ಮೇಲೆ ನನಗೆ ಕೋಪವಿಲ್ಲ. ಆ ಮಾತಿನ ಮೇಲೆ ಕೋಪವಿದೆ. ಏಕೆಂದರೆ ಅದು ಅವರೊಬ್ಬರ ಮಾತಲ್ಲ. ಪುಸ್ತಕದಂಗಡಿಯಲ್ಲಿ, ಸಾಹಿತ್ಯಗೋಷ್ಠಿಯಲ್ಲಿ, ಮದುವೆಮನೆಯ ಊಟದ ಪಂಕ್ತಿಯಲ್ಲಿ ಕೂಡ ಅದನ್ನು ಕೇಳಿದ್ದೇನೆ. ಕನ್ನಡವನ್ನು ಕುರಿತು ತುಸು ಹೆಚ್ಚಾಗಿಯೇ ಕೇಳಿದ್ದೇನೆ. ಆದ್ದರಿಂದ ಅದನ್ನು ಒಮ್ಮೆ ಹಿಡಿದು ನಿಲ್ಲಿಸಿ ವಿಚಾರಿಸಬೇಕಾಗಿದೆ.

ಕನ್ನಡದ ಮೇಷ್ಟರಿಗೆ ಈ ಗೊಡವೆ ಏಕೆ ಎಂದು ಕೇಳುವ ವಾಚಕರೂ ಇದ್ದಾರು. ಕಾದಂಬರಿ ಓದಿದರೆ ಹುಡುಗರು ಕೆಡುತ್ತಾರೆಂದು ನಂಬಿದ್ದ ಕಾಲವೊಂದಿತ್ತು. ಸಿನಿಮಾ ನೋಡಿದವನನ್ನು ಪೋಲಿಯೆಂದು ಕರೆದ ಕಾಲವೂ ಇತ್ತು. ಅದು ಮುಗಿದ ಜಗಳ, ಮತ್ತೆ ಕೆದಕಲಾರೆ. ಕಥೆ ಹೇಳುವ ಆಟಗಳೂ ಇವೆ, ಹೇಳದ ಆಟಗಳೂ ಇವೆ. ನಾನು ಮಾತನಾಡುತ್ತಿರುವುದು ಮೊದಲನೆಯ ಬಗೆಯನ್ನು ಕುರಿತು. ಅದರಲ್ಲಿ ಪಾತ್ರವಿದೆ, ಸನ್ನಿವೇಶವಿದೆ, ಸಂಭಾಷಣೆಯಿದೆ. ಸಂಭಾಷಣೆಯಿರುವುದರಿಂದ ಅನುವಾದದ ಪ್ರಶ್ನೆಯಿದೆ. ಅನುವಾದದ ಪ್ರಶ್ನೆ ಎಂದಮೇಲೆ ಅದು ನನ್ನ ಅಂಗಳಕ್ಕೇ ಬಂದಂತಾಯಿತು.

ಶಿಗೆಸಾತೊ ಇತೋಯಿ ಎಂಬವರು ಜಪಾನಿನ ಹೆಸರಾಂತ ಜಾಹೀರಾತು ಬರಹಗಾರರು. 1980ರ ದಶಕದ ಆದಿಯಲ್ಲಿ, ಆ ದೇಶದ ಸಿರಿ ಏರುತ್ತಿದ್ದ ದಿನಗಳಲ್ಲಿ, ಸೇಯ್ಬು ಎಂಬ ದೊಡ್ಡ ಮಳಿಗೆಗಾಗಿ ಅವರು 'ರುಚಿಯಾದ ಬದುಕು' ಎಂಬರ್ಥದ ಘೋಷವಾಕ್ಯವೊಂದನ್ನು ಬರೆದರು. ಕೊಳ್ಳುವುದೇ ಬದುಕಿನ ಸೊಗಸೆಂದುಕೊಂಡ ಕಾಲಕ್ಕೆ ಆ ವಾಕ್ಯ ಹಣೆಪಟ್ಟಿಯಂತಾಯಿತು. ಅದೇ ಲೇಖನಿಯಿಂದ 1989ರಲ್ಲಿ 'ಮದರ್' ಎಂಬ ಆಟ ಹೊರಬಂತು. 1994ರಲ್ಲಿ ಅದರ ಎರಡನೆಯ ಭಾಗ. ಒಮ್ಮೆ ಆರಂಭವಾಗಿ, 2000ದಲ್ಲಿ ರದ್ದಾಗಿ, ಮತ್ತೆ ಹುಟ್ಟಿಬಂದ ಮೂರನೆಯ ಭಾಗ 2006ರ ಏಪ್ರಿಲ್ 20ರಂದು. ಮೂರನ್ನೂ ಪ್ರಕಟಿಸಿದ್ದು ನಿಂಟೆಂಡೋ ಕಂಪೆನಿ. ಈ ಮೂರನೆಯದು ಇಂದಿನವರೆಗೆ ಜಪಾನಿನಾಚೆ ಅಧಿಕೃತವಾಗಿ ಬಿಡುಗಡೆಯಾಗಿಲ್ಲ.

ಅದರ ಕಥೆ ನಡೆಯುವುದು ಟ್ಯಾಜ್ಮಿಲಿ ಎಂಬ ಪುಟ್ಟ ಹಳ್ಳಿಯಲ್ಲಿ. ಅಲ್ಲಿ ಹಣವೆಂಬುದೇ ಇಲ್ಲ. ಅಂಗಡಿಯಿದೆ, ಬೇಕಾದವರು ಬೇಕಾದ್ದನ್ನು ಕೇಳಿ ತೆಗೆದುಕೊಂಡು ಹೋಗುತ್ತಾರೆ. ಈ ಊರಿಗೆ ಹೊರಗಿನಿಂದ ಒಬ್ಬ ವ್ಯಾಪಾರಿ ಬರುತ್ತಾನೆ. ಜಪಾನಿಯಲ್ಲಿ ಅವನ ಹೆಸರು ಯೊಕುಬಾ. ದುರಾಸೆಯ ಧ್ವನಿ ಅದರಲ್ಲಿದೆ. ಇಂಗ್ಲಿಷಿಗೆ ತಂದವರು ಅವನನ್ನು ಫಸ್ಸಾದ್ ಎಂದು ಕರೆದರು. ಫಸಾದು ಎಂದರೇನೆಂದು ನಮ್ಮ ಕಲಬುರಗಿ ಬೀದರಗಳ ಕಡೆಯ ವಾಚಕರಿಗೆ ನಾನು ಹೇಳಿಕೊಡಬೇಕಾಗಿಲ್ಲ. ನೀವು ಸುಖವಾಗಿಲ್ಲ, ನಿಮಗೆ ಅದು ತಿಳಿದೂ ಇಲ್ಲ ಎಂದು ಆತ ಊರವರಿಗೆ ಬೋಧಿಸುತ್ತಾನೆ. ಆಮೇಲೆ ಮನೆಮನೆಗೆ 'ಸುಖದ ಪೆಟ್ಟಿಗೆ'ಯೊಂದು ಬಂದು ಕೂರುತ್ತದೆ. ಮೂರು ವರ್ಷ ಕಳೆಯುವಷ್ಟರಲ್ಲಿ ಊರಿಗೆ ರೈಲು ಬಂದಿದೆ, ಕೂಲಿ ಬಂದಿದೆ, ನಾಣ್ಯ ಬಂದಿದೆ. ಮುದುಕರನ್ನು ಸೋರುವ ಮನೆಯೊಂದರಲ್ಲಿ ಒಟ್ಟು ಮಾಡಿ ಇಡಲಾಗಿದೆ. ಪೆಟ್ಟಿಗೆ ಬೇಡವೆಂದವರ ಮನೆಗಳ ಮೇಲೆ, ಅದೇನು ಮಾಯೆಯೋ, ಸಿಡಿಲು ಮತ್ತೆ ಮತ್ತೆ ಬೀಳುತ್ತದೆ.

ನಡುವೆ ಒಂದು ಮನೆಯ ಕಥೆ. ಗಂಡ ಫ್ಲಿಂಟ್, ಹೆಂಡತಿ ಹಿನಾವಾ, ಅವಳಿ ಮಕ್ಕಳು ಲೂಕಸ್ ಮತ್ತು ಕ್ಲೌಸ್. ಫ್ಲಿಂಟ್ ಎಂದರೆ ಚಕಮಕಿ ಕಲ್ಲು. ಹಿನಾವಾ ಎಂದರೆ ಹಳೆಯ ಕಾಲದ ಬಂದೂಕಿಗೆ ಕಿಡಿ ಹೊತ್ತಿಸುವ ಬತ್ತಿ. ಹೆಸರಿನಲ್ಲಿಯೇ ದಾಂಪತ್ಯ ಹೇಗೆ ಕೂಡಿದೆ ನೋಡಿ. ಮೊದಲನೆಯ ಅಧ್ಯಾಯ ಮುಗಿಯುವ ಮುನ್ನವೇ ಹಿನಾವಾ ಸಾಯುತ್ತಾಳೆ. ಸುದ್ದಿ ತಂದ ನೆರೆಯವನು ಒಂದು ಒಳ್ಳೆಯ ಸುದ್ದಿ, ಒಂದು ಕೆಟ್ಟ ಸುದ್ದಿ ಎಂದು ಆರಂಭಿಸುತ್ತಾನೆ. ಒಳ್ಳೆಯದು, ಆಯುಧವಾಗಬಲ್ಲ ಬಲವಾದ ಮೃಗದ ಕೋರೆಹಲ್ಲೊಂದು ಸಿಕ್ಕಿತೆಂಬುದು. ಕೆಟ್ಟದ್ದು, ಅದು ಸಿಕ್ಕ ಜಾಗ. ಅದು ನಾಟಿದ್ದುದು ಹಿನಾವಾಳ ಎದೆಯಲ್ಲಿ. ಕ್ರೌರ್ಯಕ್ಕಾಗಿ ಆಡಿದ ಮಾತಲ್ಲ ಅದು. ಹೇಳಬಾರದ್ದನ್ನು ಹೇಳಬೇಕಾಗಿ ಬಂದ ಒರಟು ಹಳ್ಳಿಗನೊಬ್ಬ ತೊದಲಿದ ರೀತಿ. ಅಲ್ಲಿಯವರೆಗೆ ಯಾರಿಗೂ ಜೋರು ಮಾಡದ ಫ್ಲಿಂಟ್ ಉರಿಯುವ ಕೊರಡನ್ನು ಎತ್ತಿ ಸುತ್ತಲಿನವರ ಮೇಲೆ ಬೀಸುತ್ತಾನೆ. ಆ ಊರಿನ ಸೆರೆಮನೆಗೆ ಆಗ ಕೈದಿ ಸಿಗುತ್ತಾನೆ. ಬೆರಳುದ್ದದ ಗೊಂಬೆಗಳು, ಬೊಗಸೆಯಲ್ಲಿ ಹಿಡಿಯುವ ಪರದೆ. ಅದರಲ್ಲಿ ಈ ದೃಶ್ಯ. ನಾನು ಇಪ್ಪತ್ತು ವರ್ಷಗಳಿಂದ ದುಃಖಾಂತ ನಾಟಕಗಳನ್ನು ತರಗತಿಯಲ್ಲಿ ವ್ಯಾಖ್ಯಾನಿಸುತ್ತ ಬಂದವನು. ಆ ರಾತ್ರಿ ಯಂತ್ರವನ್ನು ಕೆಳಗಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ.

'ರುಚಿಯಾದ ಬದುಕನ್ನು' ಮಾರಿಕೊಟ್ಟ ಮನುಷ್ಯನೇ, ಪೆಟ್ಟಿಗೆಯೊಂದನ್ನು ಕೊಂಡು ಹಾಳಾದ ಊರಿನ ಕಥೆಯನ್ನೂ ಬರೆದ. ಒಬ್ಬ ಲೇಖಕ ತನ್ನ ವೃತ್ತಿಯೊಡನೆ ಮಾಡಿಕೊಂಡ ಇಂಥ ಜಗಳ ಸಾಹಿತ್ಯದಲ್ಲಿಯೇ ಅಪರೂಪ. ಇದರಲ್ಲಿ ಹುರುಳಿಲ್ಲವೆ? ಮಿತ್ರರು ಆಡಿ ನೋಡಿ ಹೇಳಲಿ.

ಹಾಗಾದರೆ ಇದು ಏಕೆ ಬರಲಿಲ್ಲ? ವಿಷಯ ವಿವಾದಾಸ್ಪದವೆಂದು ಕೈಬಿಟ್ಟರಂತೆ ಎಂಬ ವದಂತಿ ಬಹುಕಾಲ ಓಡಾಡಿತು. ನಿಂಟೆಂಡೋದ ಅಮೆರಿಕ ಶಾಖೆಯ ಮುಖ್ಯಸ್ಥರಾಗಿದ್ದ ರೆಜಿ ಫಿಲ್ಸ್-ಎಮೇ 2022ರಲ್ಲಿ ಅದನ್ನು ಅಲ್ಲಗಳೆದರು. ಕಾರಣ ಕೇವಲ ವ್ಯಾಪಾರದ್ದು: ಗೇಮ್ ಬಾಯ್ ಅಡ್ವಾನ್ಸ್ ಎಂಬ ಆ ಯಂತ್ರದ ಆಯುಷ್ಯ ಮುಗಿಯುತ್ತ ಬಂದಿತ್ತು, 2004ರಲ್ಲೇ ಬಂದಿದ್ದ ಹೊಸ ಯಂತ್ರವನ್ನು ಮಾರಬೇಕಾಗಿತ್ತು. ಇದು ನೇರವಾದ ಮಾತು, ನಾನು ಮೆಚ್ಚುತ್ತೇನೆ. ಆದರೆ ಈ ಮಾತಿನಲ್ಲಿ ಕೃತಿಯ ಯೋಗ್ಯತೆಯ ಬಗೆಗೆ ಒಂದಕ್ಷರವಾದರೂ ಇದೆಯೆ?

ಎರಡನೆಯ ಭಾಗದ ಪಾಡಂತೂ ನಗೆಪಾಟಲಿನದು. 1995ರಲ್ಲಿ ಅದು 'ಅರ್ಥ್‌ಬೌಂಡ್' ಎಂಬ ಹೆಸರಿನಿಂದ ಅಮೆರಿಕಕ್ಕೆ ಹೋಯಿತು. ಹೋದಾಗ ಅದರ ಜಾಹೀರಾತು ಏನು ಗೊತ್ತೆ? ಉಜ್ಜಿದರೆ ದುರ್ವಾಸನೆ ಹೊರಡುವ ಚೀಟಿಗಳು. ಈ ಆಟ ನಾರುತ್ತದೆ ಎಂಬ ಘೋಷಣೆ! ಮೂಗು ಮುಚ್ಚಿಕೊಳ್ಳಿರೆಂದು ಡಂಗುರ ಹೊಡೆಸಿ, ಆಮೇಲೆ ಗಿರಾಕಿಗಳು ಬರಲಿಲ್ಲವೆಂದು ಲೆಕ್ಕ ಬರೆದುಕೊಂಡರು. ಯೂರೋಪಿನವರಿಗೆ ಅದು ಅಧಿಕೃತವಾಗಿ ಸಿಕ್ಕಿದ್ದು 2013ರಲ್ಲಿ. ಮೊದಲನೆಯ ಭಾಗದ ಕಥೆ ಇನ್ನೂ ವಿಚಿತ್ರ. ಅದರ ಇಂಗ್ಲಿಷ್ ಅನುವಾದ 1990ರಲ್ಲಿಯೇ ಮುಗಿದು ಸಿದ್ಧವಾಗಿತ್ತು. ಸಿದ್ಧವಾದುದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಅದು ಅಧಿಕೃತವಾಗಿ ಹೊರಬಂದದ್ದು 2015ರಲ್ಲಿ. ಬರಲಿಲ್ಲವೆಂದರೆ ಹುರುಳಿಲ್ಲವೆಂದೇ ಅರ್ಥವಾದರೆ, ಈ ಆಟಕ್ಕೆ ಇಪ್ಪತ್ತೈದು ವರ್ಷ ಹುರುಳಿರಲಿಲ್ಲ, 2015ರ ಜೂನಿನಲ್ಲಿ ತಟಕ್ಕನೆ ಹುರುಳು ಬಂತು ಎನ್ನಬೇಕಾಗುತ್ತದೆ. ಅಂಗಡಿಯಲ್ಲಿ ಸೋತ ಆ ಎರಡನೆಯ ಭಾಗವನ್ನು ಎದೆಗೆ ಹಚ್ಚಿಕೊಂಡು ಬೆಳೆದ ಟೋಬಿ ಫಾಕ್ಸ್ ಎಂಬ ಅಮೆರಿಕದ ತರುಣ 2015ರಲ್ಲಿ 'ಅಂಡರ್‌ಟೇಲ್' ರಚಿಸಿ ಜಗತ್ತನ್ನೇ ಗೆದ್ದ. ಲೆಕ್ಕದ ಪುಸ್ತಕದಲ್ಲಿ ಇದನ್ನು ಯಾವ ಕಲಮಿನಲ್ಲಿ ಬರೆಯುತ್ತಾರೋ ತಿಳಿಯದು.

ಆಟಗಳು 'ತಾನಾಗಿಯೇ' ದಾಟುತ್ತವೆ ಎಂಬ ಮಾತನ್ನಂತೂ ಬೀಗಗಳ ಇತಿಹಾಸ ಬಲ್ಲವರು ಆಡಲಾರರು. 1983ರಲ್ಲಿ ಜಪಾನಿನಲ್ಲಿ ಬಂದ ನಿಂಟೆಂಡೋ ಯಂತ್ರದ ಕ್ಯಾಸೆಟ್ಟಿಗೆ 60 ಪಿನ್ನು. ಅದನ್ನೇ ಅಮೆರಿಕದವರಿಗೆ ಮಾರುವಾಗ 72 ಪಿನ್ನು, ಜೊತೆಗೆ ಹೊರಗಿನ ಕ್ಯಾಸೆಟ್ಟನ್ನು ಒಳಬಿಡದ ಕಾವಲು ಚಿಪ್ಪು ಬೇರೆ. ಕಡಲು ತಾನಾಗಿ ಅಡ್ಡ ಬರಲಿಲ್ಲ, ಅಡ್ಡಗೋಡೆಯನ್ನು ಕಟ್ಟಿದರು. ಒಂದು ತಮಾಷೆಯನ್ನು ಇಲ್ಲಿ ಹೇಳಬೇಕು. 1990ರ ದಶಕದಲ್ಲಿ ನಮ್ಮ ಪೇಟೆಗಳಲ್ಲಿ ದೊರೆಯುತ್ತಿದ್ದ ಅಗ್ಗದ ನಕಲು ಯಂತ್ರಗಳು ಜಪಾನಿನ ಅಳತೆಯವು, 60 ಪಿನ್ನಿನವು. ನನ್ನ ಓರಗೆಯ ಹುಡುಗರು ಗಂಟೆಗಿಷ್ಟೆಂದು ಬಾಡಿಗೆ ಕೊಟ್ಟು ಆಡುತ್ತಿದ್ದ ಟಿ.ವಿ. ಗೇಮಿನ ಕ್ಯಾಸೆಟ್ಟುಗಳಲ್ಲಿ ಮಾರಿಯೋ, ಕಾಂಟ್ರಾಗಳ ನಡುವೆ ಅರ್ಥವಾಗದ ಲಿಪಿಯ ಆಟವೊಂದು ಆಗಾಗ ತಲೆಹಾಕುತ್ತಿತ್ತು. ಅದು ಚೀನದ್ದೋ ಜಪಾನಿನದೋ ನಮಗೆ ತಿಳಿಯದು. ಅಮೆರಿಕದ ಹುಡುಗರಿಗೆ ಮುಚ್ಚಿದ್ದ ಬಾಗಿಲು ಕಳ್ಳದಾರಿಯಿಂದ ನಮಗೆ ತೆರೆದಿತ್ತು. ಒಳಗೆ ಹೋದರೆ ಭಾಷೆಯ ಕತ್ತಲು, ಅಷ್ಟೆ.

ವ್ಯಾಪಾರದ ವಾದ ಸೋತಾಗ ಎರಡನೆಯ ವಾದವೊಂದು ಬರುತ್ತದೆ. ಇದು ವಿದ್ವಾಂಸರ ವಾದ: ಈ ಆಟಗಳು ತೀರ ಜಪಾನೀಯವಾದವು, ಅನುವಾದಕ್ಕೆ ಒಗ್ಗವು. ಇದಕ್ಕೆ ನನ್ನ ಬಳಿ ಒಂದೇ ಉತ್ತರವಿದೆ. 1994ರಲ್ಲಿ ಸ್ಕ್ವೇರ್ ಕಂಪೆನಿಯವರು 'ಲಿವ್ ಎ ಲೈವ್' ಎಂಬ ಆಟ ತಂದರು. ನಿರ್ದೇಶಕರು ತಕಾಶಿ ಟೋಕಿತಾ. ಬೇರೆ ಬೇರೆ ಯುಗಗಳ ಬೇರೆ ಬೇರೆ ನಾಯಕರ ಕಥೆಗಳನ್ನು ಒಂದೇ ದಾರದಲ್ಲಿ ಪೋಣಿಸಿದ ಕೃತಿ. ಅದರಲ್ಲಿ ಆದಿಮಾನವರ ಅಧ್ಯಾಯವೊಂದಿದೆ. ಮಾತು ಹುಟ್ಟುವುದಕ್ಕೆ ಮುಂಚಿನ ಕಾಲವಾದ್ದರಿಂದ ಆ ಅಧ್ಯಾಯದಲ್ಲಿ ಸಂಭಾಷಣೆಯೇ ಇಲ್ಲ. ಕೈಸನ್ನೆ, ಮುಖಭಾವ, ತಲೆಯ ಮೇಲೆ ಮೂಡುವ ಚಿತ್ರ, ಇಷ್ಟರಲ್ಲೇ ಪ್ರೇಮವೂ ಹಾಸ್ಯವೂ ಯುದ್ಧವೂ ನಡೆದುಹೋಗುತ್ತವೆ. ಒಂದು ಮಾತೂ ಇಲ್ಲದ ಈ ಕಥೆಯನ್ನೂ ಅನುವಾದಿಸಲಾರದೆ ಕಂಪೆನಿ 2022ರವರೆಗೆ, ಎಂದರೆ ಇಪ್ಪತ್ತೆಂಟು ವರ್ಷ, ಕುಳಿತಿತ್ತೆ? ಅಭಿಮಾನಿಗಳ ಗುಂಪೊಂದು 2001ರಲ್ಲಿಯೇ ಆ ಕೆಲಸ ಮುಗಿಸಿತ್ತು.

ಇನ್ನು ಒಗ್ಗಿಸುವುದೆಂದರೇನೆಂದು ಕಂಪೆನಿಗಳು ತಿಳಿದಿರುವ ಬಗೆಯನ್ನು ನೋಡಿ. 1994ರಲ್ಲಿಯೇ ಬಂದ 'ಕಮಾಯಿತಾಚಿ ನೋ ಯೋರು' ಎಂಬುದು ಓದುವ ಆಟ. ಬರೆದವರು ತಕೆಮಾರು ಅಬಿಕೊ ಎಂಬ ಪತ್ತೇದಾರಿ ಕಾದಂಬರಿಕಾರರು. ಹಿಮಪಾತದಲ್ಲಿ ಸಿಕ್ಕಿಬಿದ್ದ ವಸತಿಗೃಹ, ಒಂದು ಕೊಲೆ, ನೀಲಿ ನೆರಳುಗಳಂತೆ ನಿಂತ ಮನುಷ್ಯರು. ಪರದೆಯ ತುಂಬ ಗದ್ಯ. ಇದು ಇಂಗ್ಲಿಷಿಗೆ ಬಂದದ್ದು 2014ರಲ್ಲಿ, ದೂರವಾಣಿಯಲ್ಲಿ ಆಡುವ ರೂಪದಲ್ಲಿ. ಬರುವಾಗ ಕಥೆಯನ್ನು ಎತ್ತಿಕೊಂಡು ಹೋಗಿ ಕೆನಡಾದಲ್ಲಿ ಕೂರಿಸಿದ್ದರು! ಇಂಗ್ಲಿಷ್ ಓದುಗನಿಗೆ ಕೆನಡಾದ ಹಿಮ ಅರ್ಥವಾಗುತ್ತದೆ, ಜಪಾನಿನ ಹಿಮ ಅರ್ಥವಾಗದು ಎಂದು ಯಾರು ಹೇಳಿದರೋ! ಇದೇ ಸಂಸ್ಥೆಯ 'ಮಾಚಿ' 1998ರದು: ಟೋಕಿಯೋದ ಶಿಬುಯಾ ಪೇಟೆ, ಐದು ದಿನ, ಒಬ್ಬರನ್ನೊಬ್ಬರು ಅರಿಯದ ಎಂಟು ಜನ. ಒಬ್ಬನಿಗಾಗಿ ನಾವು ಮಾಡುವ ಸಣ್ಣ ಆಯ್ಕೆ ಇನ್ನೊಬ್ಬನ ದಾರಿಯನ್ನೇ ಮುಚ್ಚಿಬಿಡುತ್ತದೆ. ಅದಕ್ಕೆ ಇಂದಿಗೂ ಅಧಿಕೃತ ಇಂಗ್ಲಿಷ್ ಇಲ್ಲ. ನನಗೆ ಜಪಾನೀ ಬಾರದು. ಅದೇ ಜಾಡಿನಲ್ಲಿ ಬಂದ '428'ನ್ನು, ಜಪಾನಿನಲ್ಲಿ 2008ರಲ್ಲಿ ಬಂದು ಇಂಗ್ಲಿಷಿನಲ್ಲಿ 2018ರಲ್ಲಿ ದೊರೆತದ್ದನ್ನು, ಆಡಿ ಬಾಯಾರಿಕೆ ತೀರಿಸಿಕೊಂಡವರಲ್ಲಿ ನಾನೂ ಒಬ್ಬ.

ಕಂಪೆನಿಗಳು ಕೈಚೆಲ್ಲಿದ ಕೆಲಸವನ್ನು ಮಾಡಿದವರು ಯಾರು? ಸಂಬಳವಿಲ್ಲದವರು. ಮೂರನೆಯ 'ಮದರ್' ಬರುವುದಿಲ್ಲವೆಂಬುದು ಖಚಿತವಾದಾಗ ಕ್ಲೈಡ್ ಮ್ಯಾಂಡೆಲಿನ್ ಎಂಬವರು, ವೃತ್ತಿಯಿಂದಲೂ ಜಪಾನೀ ಅನುವಾದಕರು, ಕೆಲವು ಗೆಳೆಯರೊಡನೆ ಕುಳಿತು ಸುಮಾರು ಎರಡು ವರ್ಷ ದುಡಿದು 2008ರ ಅಕ್ಟೋಬರಿನಲ್ಲಿ ಇಡೀ ಆಟವನ್ನು ಇಂಗ್ಲಿಷಿಗೆ ತಂದರು. ಇದು ನಿಘಂಟು ಹಿಡಿದು ಕೂರುವಷ್ಟರಿಂದ ಆಗುವ ಕೆಲಸವಲ್ಲ. ಜಪಾನೀ ಅಕ್ಷರ ಸ್ವಲ್ಪ ಜಾಗದಲ್ಲಿ ಬಹಳ ಹೇಳುತ್ತದೆ. ಇಂಗ್ಲಿಷಿಗೆ ಸಾಲು ಉದ್ದ ಬೇಕು. ಮೂಲದಲ್ಲಿ ಎಲ್ಲ ಅಕ್ಷರಗಳಿಗೂ ಒಂದೇ ಅಗಲ. ಇಂಗ್ಲಿಷಿನ 'ಐ'ಗೂ 'ಡಬ್ಲ್ಯೂ'ಗೂ ಅದು ಹೊಂದದು. ಆದ್ದರಿಂದ ಯಂತ್ರದೊಳಗಿನ ಬರವಣಿಗೆಯ ವ್ಯವಸ್ಥೆಯನ್ನೇ ಬಿಚ್ಚಿ ಮತ್ತೆ ಕಟ್ಟಬೇಕು, ಅದೂ ಕಟ್ಟಿದವರ ನಕ್ಷೆಯಿಲ್ಲದೆ. ಕೆಲಸವೆಲ್ಲ ಮುಗಿದ ಮೇಲೆ, 2013ರಲ್ಲಿ, ಈ ಅನುವಾದವನ್ನು ಬೇಕಾದರೆ ಬಿಟ್ಟಿಯಾಗಿ ತೆಗೆದುಕೊಳ್ಳಿ ಎಂದು ಮ್ಯಾಂಡೆಲಿನ್ ಕಂಪೆನಿಗೆ ಬಹಿರಂಗವಾಗಿ ಹೇಳಿದರು. ಕಂಪೆನಿ ತೆಗೆದುಕೊಳ್ಳಲಿಲ್ಲ.

ಇದು ಕಾನೂನಿಗೆ ಸಮ್ಮತವೆ ಎಂದು ಕೇಳುವವರಿಗೆ ನಾನು ವಕೀಲನಲ್ಲವೆಂದು ಹೇಳಿ ತಪ್ಪಿಸಿಕೊಳ್ಳಲಾರೆ. ಇಂಥ ತಂಡಗಳು ಸಾಮಾನ್ಯವಾಗಿ ಹಂಚುವುದು ಆಟವನ್ನಲ್ಲ. ಮೂಲಕ್ಕೂ ಅನುವಾದಕ್ಕೂ ಇರುವ ವ್ಯತ್ಯಾಸವನ್ನು ಮಾತ್ರ. ಮೂಲವನ್ನು ನಾವೇ ಕೊಳ್ಳಬೇಕು. ಆದರೂ ಹಕ್ಕುದಾರನ ಅಪ್ಪಣೆಯಿಲ್ಲದೆ ಅನುವಾದಿಸುವುದು ಸರಿಯಲ್ಲವೆಂಬ ಮಾತಿಗೆ ತೂಕವಿದೆ; ನನ್ನದೇ ಪುಸ್ತಕವನ್ನು ಯಾರಾದರೂ ಹೇಳದೆ ಕೇಳದೆ ಅನುವಾದಿಸಿದರೆ ಮೊದಲು ಹುಬ್ಬು ಗಂಟಿಕ್ಕಿಯೇನು. ಖರ್ಚಿನ ಮಾತೂ ಸುಳ್ಳಲ್ಲ. ಅನುವಾದ, ಪರೀಕ್ಷೆ, ಪ್ರಚಾರ, ಎಲ್ಲಕ್ಕೂ ಹಣ ಬೇಕು. ನಷ್ಟವಾಗುತ್ತದೆಂದು ಕಂಪೆನಿ ಹೇಳಲಿ, ಕೈಮುಗಿದು ಒಪ್ಪುತ್ತೇನೆ. ಆದರೆ ತಾನೂ ಮಾರದೆ, ಮಾರುವವನಿಗೂ ಕೊಡದೆ, ಬಿಟ್ಟಿ ಕೊಟ್ಟುದನ್ನೂ ಒಲ್ಲದೆ ಹದಿನೆಂಟು ವರ್ಷ, ಇಪ್ಪತ್ತು ವರ್ಷ ಹಕ್ಕುಪತ್ರದ ಮೇಲೆ ಕುಳಿತಿರುವುದು ಯಾವ ಆಸ್ತಿಯ ಧರ್ಮ? ಹುಲ್ಲಿನ ಬಣವೆಯ ಮೇಲೆ ಮಲಗಿದ ನಾಯಿಯ ಕಥೆಯನ್ನು ನಾವು ಎರಡನೆಯ ತರಗತಿಯಲ್ಲೇ ಓದಿದ್ದೇವೆ.

ನನ್ನ ಕಡೆಯವರಲ್ಲಿಯೂ ಒಂದು ಬಣವಿದೆ; ಅವರನ್ನು ಸುಮ್ಮನೆ ಬಿಡುವುದು ನ್ಯಾಯವಲ್ಲ. ಹೊರದೇಶಕ್ಕೆ ಬರಲಿಲ್ಲವೆಂಬ ಒಂದೇ ಕಾರಣಕ್ಕೆ ಆಟವನ್ನು ತಲೆಯ ಮೇಲೆ ಹೊತ್ತು ಮೆರೆಸುವವರು ಇವರು. ಬರದೆ ಉಳಿದುದರಲ್ಲಿ ಮಾಜಾಂಗ್ ಆಟಗಳಿವೆ, ಕುದುರೆ ಜೂಜಿನ ಆಟಗಳಿವೆ, ಒಂದರ ಮೇಲೊಂದು ನಕಲು ತೆಗೆದ ಬೇಸರದ ಯುದ್ಧಕಥೆಗಳಿವೆ. ಅಭಿಮಾನಿಗಳ ಮಾತು ನಂಬಿ ಒಂದೆರಡನ್ನು ಹಿಡಿದು ಒಂದು ಬೇಸಗೆ ರಜೆಯನ್ನೇ ಕಳೆದಿದ್ದೇನೆ. ಅವು ಅಲ್ಲಿಯೇ ಉಳಿದದ್ದು ಲೋಕೋಪಕಾರ. ಬಂದುದೆಲ್ಲ ಒಳ್ಳೆಯದು ಎನ್ನುವ ಅಂಗಡಿಯವನೂ, ಬಾರದ್ದೆಲ್ಲ ಒಳ್ಳೆಯದು ಎನ್ನುವ ರಸಿಕನೂ ಕೃತಿಯನ್ನು ನೋಡುತ್ತಿಲ್ಲ. ಇಬ್ಬರೂ ಸುಂಕದ ಕಟ್ಟೆಯ ಮುದ್ರೆಯನ್ನು ನೋಡುತ್ತಿದ್ದಾರೆ.

ತಡವಾಗಿಯಾದರೂ ಕಂಪೆನಿಗಳೇ ತರುತ್ತಿವೆಯಲ್ಲ ಎಂಬ ಸಮಾಧಾನವೂ ಪೂರ್ತಿ ದಕ್ಕುವಂತಿಲ್ಲ. 'ಫೈರ್ ಎಂಬ್ಲೆಮ್' ಸರಣಿಯ ಮೊದಲ ಆಟ 1990ರದು. ಸರಣಿ ಜಪಾನಿನಾಚೆ ಕಾಲಿಟ್ಟದ್ದು 2003ರಲ್ಲಿ. ಆ ಮೊದಲ ಆಟ ಇಂಗ್ಲಿಷಿನಲ್ಲಿ ಸಿಕ್ಕಿದ್ದು 2020ರ ಡಿಸೆಂಬರಿನಲ್ಲಿ. ಮೂವತ್ತು ವರ್ಷ ಕಾದವರು ಸಂಭ್ರಮಪಟ್ಟರು. 2021ರ ಮಾರ್ಚ್ 31ಕ್ಕೆ ಮಾರಾಟ ನಿಂತಿತು. ಸರಕು ಮುಗಿದು ನಿಂತದ್ದಲ್ಲ. ಮುಗಿಯುವುದಕ್ಕೆ ಅದೇನು ಮಾವಿನಹಣ್ಣೆ? ಮೊದಲೇ ಗಡುವು ಹಾಕಿ ಮಾರಿದ್ದರು, ಅಷ್ಟೆ. 'ಪೋರ್ಟೊಪಿಯಾ' ಎಂಬ ಪತ್ತೇದಾರಿ ಆಟ 1983ರದು, ಯೂಜಿ ಹೋರಿಯವರ ಕೃತಿ. ಅಪರಾಧಿ ಯಾರೆಂಬುದು ಜಪಾನಿನಲ್ಲಿ ಗಾದೆಯಷ್ಟು ಪ್ರಸಿದ್ಧ; ನಾನು ಹೇಳುವುದಿಲ್ಲ. ಇಂಗ್ಲಿಷಿಗೆ ಅದು ಅಧಿಕೃತವಾಗಿ ಬಂದದ್ದು 2023ರಲ್ಲಿ. ಕೃತಿಯಾಗಿ ಬರಲಿಲ್ಲ, ಕಂಪೆನಿಯ ಯಂತ್ರಬುದ್ಧಿಯ ಪ್ರದರ್ಶನಕ್ಕೆ ಉದಾಹರಣೆಯಾಗಿ ಬಂತು. ಬರೆದು ಕೇಳಿದ ಸರಳ ಪ್ರಶ್ನೆಯೂ ಅದಕ್ಕೆ ತಿಳಿಯದೆಂದು ಆಡಿದವರು ದೂರಿದರು. ದೇಶಾಂತರವಾಗಿ ಬಿಡುಗಡೆಯಾದ ಆಟಗಳ ಗತಿಯೂ ಅಷ್ಟಕ್ಕಷ್ಟೆ: 2010ಕ್ಕೆ ಮೊದಲು ಅಮೆರಿಕದಲ್ಲಿ ಬಂದ ಆಟಗಳಲ್ಲಿ ನೂರಕ್ಕೆ 87 ಈಗ ಅಂಗಡಿಯಲ್ಲಿ ದೊರೆಯವೆಂದು ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಹಾಕಿ ತೋರಿಸಿತು. ಬಂದವುಗಳದೇ ಈ ಪಾಡಾದರೆ ಬಾರದವುಗಳ ಮಾತೇನು?

ಮಿತ್ರರ ಮಾತು ನನಗೆ ಚುಚ್ಚಿದ್ದೇಕೆಂದು ಈಗ ಹೇಳಬಹುದು. 2025ರ ಮೇ ತಿಂಗಳಿನಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ, ದೀಪಾ ಭಾಸ್ತಿಯವರ 'ಹಾರ್ಟ್ ಲ್ಯಾಂಪ್'ಗೆ, ಅಂತಾರಾಷ್ಟ್ರೀಯ ಬೂಕರ್ ಬಹುಮಾನ ಬಂತು. ಮರುದಿನ ನಮ್ಮ ಕಾಲೇಜಿನಲ್ಲಿ ಹಬ್ಬ. ಅದುವರೆಗೆ ಆ ಹೆಸರನ್ನು ಉಚ್ಚರಿಸದಿದ್ದ ಬಾಯಿಗಳು ಕೂಡ ಹೊಗಳಿದವು. ಆ ಸಂಕಲನದ ಕಥೆಗಳು 1990ರಿಂದ 2023ರವರೆಗೆ ಬರೆದವು. ಎಷ್ಟೋ ವರ್ಷಗಳಿಂದ ಕನ್ನಡದಲ್ಲಿ ಅಚ್ಚಾಗಿ ಇಲ್ಲಿಯೇ ಇದ್ದುವು. ಅನುವಾದವಾಗುವ ಮುನ್ನ ಅವು ಹುರುಳಿಲ್ಲದ ಕಥೆಗಳಾಗಿದ್ದುವೆ? ವಚನಗಳ ವಿಷಯವೂ ಇದೇ. ರಾಮಾನುಜನ್ ಅವರ ಇಂಗ್ಲಿಷ್ ವಚನಸಂಕಲನ ಪೆಂಗ್ವಿನ್ನಿನಿಂದ ಬಂದದ್ದು 1973ರಲ್ಲಿ. ವಚನಗಳು ಹುಟ್ಟಿದ್ದು 12ನೆಯ ಶತಮಾನದಲ್ಲಿ. ನನ್ನ ಮಿತ್ರರ ಅಳತೆಗೋಲಿನಿಂದ ಅಳೆದರೆ ಬಸವಣ್ಣನವರು ಎಂಟುನೂರು ವರ್ಷ ರಫ್ತಾಗದ ಸರಕು. ಈ ಅಳತೆಗೋಲನ್ನು ಜಪಾನಿನ ಆಟಕ್ಕೆ ಹಿಡಿಯುವವನು ನಾಳೆ ನಮ್ಮ ಮನೆಯ ಪುಸ್ತಕದ ಕಪಾಟಿಗೂ ಹಿಡಿಯುತ್ತಾನೆ, ಹಿಡಿಯುತ್ತಲೇ ಇದ್ದಾನೆ.

2024ರ ಫೆಬ್ರುವರಿಯಲ್ಲಿ ನಿಂಟೆಂಡೋದವರು ಮೂರನೆಯ 'ಮದರ್' ಆಟವನ್ನು ತಮ್ಮ ಚಂದಾದಾರರಿಗೆ ಮತ್ತೆ ಒದಗಿಸಿದರು. ಜಪಾನಿನ ಚಂದಾದಾರರಿಗೆ ಮಾತ್ರ, ಜಪಾನಿಯಲ್ಲಿ ಮಾತ್ರ. ಯಂತ್ರ ಮುದಿಯಾಯಿತೆಂಬ ಹಳೆಯ ನೆಪ ಈಗ ಇಲ್ಲ. ಕ್ಯಾಸೆಟ್ಟು ಅಚ್ಚು ಹಾಕಿಸಿ ಹಡಗಿಗೆ ಹೇರುವ ಖರ್ಚೂ ಇಲ್ಲ. ಅನುವಾದ 2008ರಿಂದ ಸಿದ್ಧವಾಗಿದೆ. ಮಾಡಿದವರು ಅದಕ್ಕೆ ಕೇಳಿದ ಬೆಲೆ ಸೊನ್ನೆ.